ಯೋಚಿಸಬಾರದ್ದನ್ನೇ ಯೋಚಿಸ್ಬೇಕು ಅನ್ಸೋದ್ಯಾಕೆ?

ಈಗೀಗ ಮೊಬೈಲ್ ತೆಗೆದ್ರೆ ಸಾಕು, "ಯಾರೂ ಬಾಯಿಬಿಡದ ಸತ್ಯ", "ಇದನ್ನ ಹೇಳಿದ್ರೆ ನನ್ನ ಚಾನೆಲ್ ಬ್ಲಾಕ್ ಆಗುತ್ತೆ", "ಧೈರ್ಯ ಇದ್ರೆ ಮಾತ್ರ ನೋಡಿ" ಅನ್ನೋ ಥರದ ವಿಡಿಯೋಗಳು, ಪಾಡ್‌ಕಾಸ್ಟ್ ತುಣುಕುಗಳು ಒಂದರ ಹಿಂದೆ ಒಂದು ಬರ್ತಾನೇ ಇರ್ತಾವೆ. ನೋಡೋದು ಬೇಡ ಅಂದ್ಕೊಂಡೇ ನೋಡ್ತೀವಿ. ನೋಡಿದ್ಮೇಲೆ ಕೆಲವರಿಗೆ ಇಷ್ಟು ದಿನ ಎಲ್ಲರೂ ಸೇರಿ ಮುಚ್ಚಿಟ್ಟಿದ್ದು ಈಗ ಗೊತ್ತಾಯ್ತು ಅನ್ನೋ ಹುರುಪು, ಇನ್ನು ಕೆಲವರಿಗೆ "ಛೇ, ಇಂಥದ್ದನ್ನೆಲ್ಲ ಯೋಚನೆ ಮಾಡ್ತಿದೀನಲ್ಲ, ನಂಗೇನಾಗಿದೆ" ಅನ್ನೋ ಕಸಿವಿಸಿ.

ಈ ಎರಡರ ಹಿಂದೆ ಇರೋದು ಒಂದೇ ಲೆಕ್ಕಾಚಾರ. ಈ ಯೋಚನೆ ನನ್ನನ್ನ ಇಷ್ಟು ಎಳೀತಿದೆ ಅಂದ್ಮೇಲೆ ಅದಕ್ಕೇನೋ ಅರ್ಥ ಇರ್ಲೇಬೇಕು, ಒಂದೋ ಅದು ನಿಜ, ಇಲ್ಲಾಂದ್ರೆ ನಾನು ಕೆಟ್ಟ ಮನುಷ್ಯ. ಈ ಸೆಳೆತ ಯಾವ್ಯಾವ ಕಡೆಯಿಂದ ಬರುತ್ತೆ ಅಂತ ಬಿಡಿಸಿ ನೋಡಿದ್ರೆ ಇವೆರಡೂ ಲೆಕ್ಕ ತಪ್ಪು ಅಂತ ಗೊತ್ತಾಗುತ್ತೆ. ಮನಶ್ಶಾಸ್ತ್ರದಲ್ಲಿ ಇದರ ಬಗ್ಗೆ ಅರವತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಆಗಿದೆ, ಅದನ್ನೇ ಬುಡದಿಂದ ನೋಡೋಣ.

## ಮೊದಲು, ಟ್ಯಾಬೂ ಅಂದ್ರೆ ಏನು

ಕಾನೂನು ಬೇಡ ಅನ್ನೋದೆಲ್ಲ ಟ್ಯಾಬೂ ಅಲ್ಲ. ಸಿಗ್ನಲ್ ಜಂಪ್ ಮಾಡೋದು ತಪ್ಪು, ದಂಡ ಕಟ್ಬೇಕು, ಆದ್ರೆ ಅದರ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡೋಕೆ ಯಾರೂ ಹಿಂಜರಿಯಲ್ಲ. ಮಾಡೋದಿರ್ಲಿ, ಮಾತಾಡೋದೇ ತಪ್ಪು ಅಂತ ಒಂದು ಸಮಾಜ ಅಂದ್ಕೊಂಡಿರುತ್ತಲ್ಲ, ಅದು ಟ್ಯಾಬೂ, ಅಂದ್ರೆ ನಿಷಿದ್ಧ. ಸಾವು, ಲೈಂಗಿಕತೆ, ದೇವರು, ಹೆತ್ತವರ ಮೇಲಿನ ಸಿಟ್ಟು, ಹೆತ್ತ ಮಕ್ಕಳು ಬೇಡವಾಗಿತ್ತೇನೋ ಅನ್ನೋ ಭಾವನೆ, ಮನುಷ್ಯನ ಜೀವಕ್ಕೆ ಬೆಲೆ ಕಟ್ಟೋದು, ಒಂದು ಗುಂಪಿನ ಜನ ಇನ್ನೊಂದು ಗುಂಪಿಗಿಂತ ಕೀಳು ಅನ್ನೋ ಮಾತು, ಹೀಗೆ ಪಟ್ಟಿ ಉದ್ದ ಇದೆ, ಕಾಲದಿಂದ ಕಾಲಕ್ಕೆ ಬದಲಾಗುತ್ತೆ ಕೂಡ. ಇದರಲ್ಲಿ ಕೆಲವು ಬರೀ ಮುಜುಗರದ್ದು, ಕೆಲವು ನಿಜವಾಗ್ಲೂ ಜನರ ಪ್ರಾಣ ತೆಗೆದಿರೋದು. ಒಂದೇ ಬುಟ್ಟೀಲಿ ಹಾಕಿರ್ತೀವಿ ಅಷ್ಟೆ.

ಇನ್ನೊಂದು ವ್ಯತ್ಯಾಸ ತಿಳ್ಕೊಂಡ್ರೆ ಮುಂದಿನದ್ದೆಲ್ಲ ಸುಲಭ. ಒಂದು ವಿಚಾರನ ಯೋಚಿಸಿ ನೋಡೋದು ಬೇರೆ, ಅದನ್ನ ಒಪ್ಪೋದು ಬೇರೆ, ಅದರಂತೆ ನಡ್ಕೊಳ್ಳೋದು ಬೇರೆ. ಬಟ್ಟೆ ಅಂಗಡೀಲಿ ಟ್ರಯಲ್ ರೂಮ್‌ಗೆ ಹೋಗಿ, ನಾವು ಯಾವತ್ತೂ ಹಾಕದಂಥ ಒಂದು ಶರ್ಟ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತ ಮಾತ್ರಕ್ಕೆ ಬಿಲ್ ಹಾಕ್ಸಿದ ಹಾಗಲ್ಲ. ವಕೀಲರು ಎದುರು ಪಾರ್ಟಿ ವಾದ ಏನಿರಬಹುದು ಅಂತ ಯೋಚಿಸ್ತಾರೆ, ಕಾದಂಬರಿ ಬರೆಯೋರು ಕೊಲೆಗಾರನ ತಲೆಯೊಳಗೆ ಕೂತು ಪುಟಗಟ್ಟಲೆ ಬರೀತಾರೆ. ಇವರು ಯಾರೂ ಆ ವಿಚಾರನ ಮನೆಗೆ ತಗೊಂಡು ಹೋಗಿಲ್ಲ.

## ಬೇಡ ಅಂದಿದ್ದೇ ಬೇಕು

ಸೆಳೆತದ ಮೊದಲ ಮೂಲ ಎಲ್ಲರಿಗೂ ಗೊತ್ತಿರೋದೇ. 1966ರಲ್ಲಿ ಜಾಕ್ ಬ್ರೆಮ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಇದಕ್ಕೆ ರಿಯಾಕ್ಟೆನ್ಸ್ ಅಂತ ಹೆಸರಿಟ್ರು. ನಮಗೆ ಇರೋ ಒಂದು ಆಯ್ಕೆಯನ್ನ ಯಾರಾದ್ರೂ ಕಿತ್ಕೊಂಡ್ರೆ, ಆ ವಸ್ತು ಮೇಲೆ ಆಸೆ ಇಲ್ದಿದ್ರೂ ಆ ಆಯ್ಕೆ ವಾಪಸ್ ಬೇಕು ಅನ್ನೋ ಹಟ ಹುಟ್ಟುತ್ತೆ, ಅದೇ ಹಟ ಆ ವಸ್ತುವನ್ನೇ ಚೆನ್ನಾಗಿ ಕಾಣಿಸೋ ಹಾಗೆ ಮಾಡುತ್ತೆ.

ಇದನ್ನ ತೋರಿಸೋಕೆ ನಂಗೆ ತುಂಬ ಇಷ್ಟವಾದ ಪ್ರಯೋಗ ಒಂದಿದೆ. 1976ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತೆ ಅವರ ಜೊತೆಗಾರರು ಯೂನಿವರ್ಸಿಟಿಯೊಂದರ ಗಂಡಸರ ಟಾಯ್ಲೆಟ್‌ಗಳಲ್ಲಿ ಬೋರ್ಡ್ ಹಾಕಿದ್ರು. ಕೆಲವು ಕಡೆ "ದಯವಿಟ್ಟು ಗೋಡೆ ಮೇಲೆ ಬರೀಬೇಡಿ" ಅಂತ, ಇನ್ನು ಕೆಲವು ಕಡೆ "ಯಾವುದೇ ಕಾರಣಕ್ಕೂ ಬರೀಕೂಡದು" ಅಂತ ಗದರಿಸೋ ಥರ. ಬೋರ್ಡ್ ಕೆಳಗೆ ಕೆಲವು ಕಡೆ ದೊಡ್ಡ ಅಧಿಕಾರಿ ಹೆಸರು, ಕೆಲವು ಕಡೆ ಸಾಮಾನ್ಯ ಸಿಬ್ಬಂದಿ ಹೆಸರು. ಆಮೇಲೆ ಹೋಗಿ ನೋಡಿದ್ರೆ ಗದರಿಸಿದ ಬೋರ್ಡ್‌ಗಳ ಮೇಲೇ ಹೆಚ್ಚು ಗೀಚಿದ್ರು, ಅದ್ರಲ್ಲೂ ದೊಡ್ಡ ಅಧಿಕಾರಿ ಹೆಸರಿದ್ದ ಕಡೆ ಇನ್ನೂ ಜಾಸ್ತಿ. ಗೀಚೋಕೆ ಅವರಿಗೆ ಹೇಳೋಕೊಂದು ವಿಚಾರ ಇತ್ತು ಅಂತಲ್ಲ, ಬೇಡ ಅಂದ ದನಿಗೆ ಕೊಟ್ಟ ಉತ್ತರ ಅದು.

ಇಪ್ಪತ್ತು ವರ್ಷ ಆದ್ಮೇಲೆ, 1996ರಲ್ಲಿ, ಬ್ರಾಡ್ ಬುಶ್ಮನ್ ಮತ್ತೆ ಏಂಜೆಲಾ ಸ್ಟ್ಯಾಕ್ ಟಿವಿ ಕಾರ್ಯಕ್ರಮಗಳ ಮೇಲಿನ ಎಚ್ಚರಿಕೆ ಲೇಬಲ್ ಬಗ್ಗೆ ಇದೇ ಥರ ಪರೀಕ್ಷೆ ಮಾಡಿದ್ರು. "ಇದರಲ್ಲಿ ಹಿಂಸೆ ಇದೆ, ಎಚ್ಚರ" ಅಂತ ಅಧಿಕಾರದ ದನೀಲಿ ಹೇಳಿದಾಗ ಕಾರ್ಯಕ್ರಮ ನೋಡೋ ಆಸೆ ಜಾಸ್ತಿ ಆಯ್ತು, ಇದರಲ್ಲಿ ಇಂತಿಂಥದ್ದು ಇದೆ ಅಂತ ಬರೀ ಮಾಹಿತಿ ಕೊಟ್ಟಾಗ ಅಷ್ಟು ಆಗ್ಲಿಲ್ಲ. ನಿಜ ಜೀವನದಲ್ಲಿ ಇದರ ದೊಡ್ಡ ಉದಾಹರಣೆ 2003ರದ್ದು. ಕ್ಯಾಲಿಫೋರ್ನಿಯಾ ಕರಾವಳಿ ಸವೆತ ದಾಖಲಿಸೋಕೆ ಒಬ್ಬರು ಸಾವಿರಾರು ಫೋಟೋ ತೆಗೆದಿದ್ರು, ಅದರಲ್ಲೊಂದರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಮನೆ ಕಾಣಿಸ್ತಿತ್ತು. ಅದನ್ನ ತೆಗೆಸ್ಬೇಕು ಅಂತ ಅವರು ಕೋರ್ಟ್‌ಗೆ ಹೋದ್ರು. ಕೇಸ್ ಹಾಕೋ ಮೊದ್ಲು ಆ ಫೋಟೋ ಡೌನ್‌ಲೋಡ್ ಆಗಿದ್ದು 6 ಸಲ, ಅದರಲ್ಲೂ 2 ಅವರ ವಕೀಲರದ್ದೇ. ಸುದ್ದಿ ಹರಡಿದ್ಮೇಲೆ ಒಂದು ತಿಂಗಳಲ್ಲಿ 4 ಲಕ್ಷದ 20 ಸಾವಿರಕ್ಕೂ ಹೆಚ್ಚು ಜನ ಆ ಸೈಟ್‌ಗೆ ಬಂದ್ರು. ಒಂದು ಮನೆ ಫೋಟೋದಲ್ಲಿ ನೋಡೋಕೆ ಏನಿತ್ತು? ನೋಡಬಾರದು ಅಂತ ಒಬ್ಬರು ಹೇಳಿದ್ದು ಬಿಟ್ರೆ ಏನೂ ಇರ್ಲಿಲ್ಲ.

"ಇದನ್ನ ಬ್ಯಾನ್ ಮಾಡ್ತಾರೆ, ಬೇಗ ನೋಡಿ" ಅಂತ ಹೇಳೋರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

## ಪೆನ್ ಒತ್ತಿದ್ರೆ ಶಾಕ್ ಹೊಡೆಯುತ್ತೆ, ಆದ್ರೂ

ಎರಡನೇ ಮೂಲ ಕುತೂಹಲ. ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಬರೆದ ಪ್ರಕಾರ ಕುತೂಹಲ ಅನ್ನೋದು ನಮಗೆ ಗೊತ್ತಿರೋದಕ್ಕೂ ಗೊತ್ತಾಗ್ಬೇಕು ಅನ್ಸೋದಕ್ಕೂ ನಡುವಿನ ಗ್ಯಾಪ್. ಏನೂ ಗೊತ್ತಿಲ್ದಿರೋ ವಿಷಯ ಕೆಣಕಲ್ಲ, ಪೂರ್ತಿ ಗೊತ್ತಿರೋದೂ ಕೆಣಕಲ್ಲ, ಅರ್ಧ ತೋರಿಸಿ ಅರ್ಧ ಮುಚ್ಚಿಟ್ಟಿದ್ದು ಮಾತ್ರ ಕೂತ್ಕೊಳ್ಳೋಕೆ ಬಿಡಲ್ಲ. ಟ್ಯಾಬೂ ವಿಷಯಗಳು ಸ್ವಭಾವತಃ ಅರ್ಧ ಮುಚ್ಚಿದವು. ಅದೊಂದು ಇದೆ ಅಂತ ಎಲ್ಲರಿಗೂ ಗೊತ್ತು, ದೊಡ್ಡೋರು ಅದರ ಹೆಸರು ಬಂದ ತಕ್ಷಣ ಮಾತು ತಿರುಗಿಸ್ತಾರೆ ಅಂತಾನೂ ಗೊತ್ತು, ಒಳಗೇನಿದೆ ಅಂತ ಮಾತ್ರ ಯಾರೂ ಕೂತು ಹೇಳಿರಲ್ಲ.

ಕೆಟ್ಟದ್ದಾಗುತ್ತೆ ಅಂತ ಗೊತ್ತಿದ್ರೂ ಜನ ಈ ಗ್ಯಾಪ್ ತುಂಬಿಕೊಳ್ಳೋಕೆ ಹೋಗ್ತಾರಾ? 2016ರಲ್ಲಿ ಕ್ರಿಸ್ಟಫರ್ ಶೀ ಮತ್ತೆ ಬೋವೆನ್ ರುವಾನ್ ಇದನ್ನ ನೋಡಿದ್ರು. ಟೇಬಲ್ ಮೇಲೆ ಹತ್ತು ಪೆನ್ ಇಟ್ಟಿದ್ರು, ಒತ್ತಿದ್ರೆ ಸಣ್ಣ ಕರೆಂಟ್ ಶಾಕ್ ಹೊಡೆಯೋ ಆಟದ ಪೆನ್. ನಿಮ್ಮನ್ನ ಬೇರೆ ಪ್ರಯೋಗಕ್ಕೆ ಕರ್ದಿರೋದು, ಅಲ್ಲಿವರೆಗೆ ಸುಮ್ನೆ ಕೂತಿರಿ ಅಂತ ಹೇಳಿ ಹೋದ್ರು. ಒಂದು ಗುಂಪಿಗೆ ಯಾವ ಪೆನ್ ಶಾಕ್ ಹೊಡೆಯುತ್ತೆ ಯಾವುದು ಇಲ್ಲ ಅಂತ ಕೆಂಪು ಹಸಿರು ಸ್ಟಿಕರ್ ಹಾಕಿ ತೋರಿಸಿದ್ರು, ಇನ್ನೊಂದು ಗುಂಪಿಗೆ ಎಲ್ಲಾ ಪೆನ್ನಿಗೂ ಹಳದಿ ಸ್ಟಿಕರ್, ಕೆಲವು ಹೊಡೀಬಹುದು ಕೆಲವು ಹೊಡೀದೇ ಇರಬಹುದು ಅಂತ. ಗೊತ್ತಿದ್ದೋರು ಸರಾಸರಿ ಮೂರು ಪೆನ್ ಒತ್ತಿದ್ರೆ, ಗೊತ್ತಿಲ್ದೋರು ಐದು ಒತ್ತಿದ್ರು. ಒತ್ತೋದ್ರಿಂದ ಲಾಭ ಒಂದು ಪೈಸೆ ಇಲ್ಲ, ಯಾರೂ ಒತ್ತಿ ಅಂತ ಹೇಳಿಲ್ಲ, ನೋವಾಗೋ ಸಾಧ್ಯತೆ ಇದೆ ಅಂತ ಗೊತ್ತು, ಆದ್ರೂ ಒತ್ತಿದ್ರು. ಒಳಗೇನಿದೆಯೋ ಅನ್ನೋ ಅನಿಶ್ಚಿತತೆಯನ್ನ ಸಹಿಸೋದು ಶಾಕ್ ಸಹಿಸೋದಕ್ಕಿಂತ ಕಷ್ಟ.

## ಬೇಡದ ಯೋಚನೆ ತಾನಾಗೇ ನುಗ್ಗೋದು

ಇಲ್ಲಿವರೆಗೂ ನಾವು ಹುಡುಕ್ಕೊಂಡು ಹೋಗೋ ಯೋಚನೆಗಳ ಬಗ್ಗೆ ಆಯ್ತು. ಇನ್ನೊಂದು ಜಾತಿ ಇದೆ, ಕರೀದೇ ಬರುತ್ತೆ. ಎತ್ತರದ ಕಟ್ಟಡದ ಅಂಚಲ್ಲಿ ನಿಂತಾಗ ಇಲ್ಲಿಂದ ಹಾರಿಬಿಟ್ರೆ ಅಂತ, ಪುಟ್ಟ ಮಗುನ ಎತ್ಕೊಂಡಾಗ ಕೈಬಿಟ್ಟುಬಿಟ್ರೆ ಅಂತ, ಶೋಕಸಭೇಲಿ ಎಲ್ಲರೂ ಮೌನವಾಗಿರುವಾಗ ಜೋರಾಗಿ ನಕ್ಕುಬಿಟ್ರೆ ಅಂತ. ಇಂಥದ್ದು ಬಂದಾಗ ಎಷ್ಟೋ ಜನ ಬೆಚ್ಚಿಬೀಳ್ತಾರೆ, ಯಾರ ಹತ್ರಾನೂ ಹೇಳಲ್ಲ, ವರ್ಷಗಟ್ಟಲೆ ಒಳಗೇ ಇಟ್ಕೊಂಡು ಕೊರಗ್ತಾರೆ. ಅದಕ್ಕೇ ಈ ಭಾಗ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1978ರಲ್ಲಿ ಸ್ಟ್ಯಾನ್ಲಿ ರಾಖ್‌ಮನ್ ಮತ್ತೆ ಪದ್ಮಲ್ ಡಿ ಸಿಲ್ವ ಯಾವ ಮಾನಸಿಕ ಕಾಯಿಲೆನೂ ಇಲ್ಲದ ಸಾಮಾನ್ಯ ಜನರನ್ನ ಕೇಳಿದ್ರು, ನಿಮಗೆ ಹೀಗೆ ಹಿಂಸೆಯದ್ದೋ, ಅಶ್ಲೀಲದ್ದೋ, ಅಸಹ್ಯದ್ದೋ ಯೋಚನೆ ತಾನಾಗೇ ಬರುತ್ತಾ ಅಂತ. ಸುಮಾರು ನೂರಕ್ಕೆ ಎಂಬತ್ತು ಜನ ಹೌದು ಅಂದ್ರು. ಓಸಿಡಿ, ಅಂದ್ರೆ ಬೇಡದ ಯೋಚನೆ ಪದೇಪದೇ ಬಂದು ಕಾಡೋ ಕಾಯಿಲೆ, ಇರೋರ ಯೋಚನೆಗಳನ್ನೂ ಈ ಸಾಮಾನ್ಯ ಜನರ ಯೋಚನೆಗಳನ್ನೂ ಬೆರೆಸಿ ಕೊಟ್ರೆ ವಿಷಯ ಮಾತ್ರ ನೋಡಿ ಬೇರ್ಪಡಿಸೋದು ತಜ್ಞರಿಗೂ ಸುಲಭ ಇರ್ಲಿಲ್ಲ. 2014ರಲ್ಲಿ ಆರು ಖಂಡಗಳ 13 ದೇಶಗಳಲ್ಲಿ 777 ವಿದ್ಯಾರ್ಥಿಗಳನ್ನ ಕೇಳಿದಾಗ ಹಿಂದಿನ ಮೂರು ತಿಂಗಳಲ್ಲಿ ಒಂದಾದ್ರೂ ಇಂಥ ಯೋಚನೆ ಬಂದಿದೆ ಅಂದವರು ಸುಮಾರು ಶೇ. 94. ಎತ್ತರದಿಂದ ಹಾರೋ ಯೋಚನೆ ಬಗ್ಗೆ ಅಮೆರಿಕದ ಫ್ಲಾರಿಡಾದಲ್ಲಿ 2012ರಲ್ಲಿ ಬೇರೆ ಅಧ್ಯಯನನೇ ಆಯ್ತು, ಜೀವನದಲ್ಲಿ ಯಾವತ್ತೂ ಆತ್ಮಹತ್ಯೆ ಯೋಚನೆ ಬರದೇ ಇದ್ದೋರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಕ್ಷಣದ ಪ್ರಚೋದನೆ ಬಂದಿತ್ತು. ಆ ಸಂಶೋಧಕರು ಕೊಟ್ಟ ವಿವರಣೆ ಏನಂದ್ರೆ, ಎತ್ತರ ನೋಡಿದ ತಕ್ಷಣ ದೇಹ ಸರಕ್ಕಂತ ಹಿಂದೆ ಸರಿಯುತ್ತೆ, ಆಮೇಲೆ ತಲೆ ಅದಕ್ಕೆ ಕಾರಣ ಹುಡುಕುತ್ತೆ, "ಯಾಕೆ ಹಿಂದೆ ಸರಿದೆ, ಹಾರೋಕೆ ಹೊರಟಿದ್ನಾ?" ಅಂತ ತಪ್ಪಾಗಿ ಓದ್ಕೊಳ್ಳುತ್ತೆ. ಅಂದ್ರೆ ಅದು ಸಾಯೋ ಆಸೆ ಅಲ್ಲ, ಬದುಕೋ ಎಚ್ಚರಿಕೆ.

ಸರಿ, ಬರುತ್ತೆ, ಆದ್ರೆ ಹೋಗಲ್ಲ ಯಾಕೆ? ಮಂಗನ್ನ ನೆನೆಸ್ಕೊಳ್ದೇ ಔಷಧಿ ಕುಡಿ ಅನ್ನೋ ಮಾತು ಕೇಳಿರ್ತೀರಿ. ಡ್ಯಾನಿಯಲ್ ವೆಗ್ನರ್ 1987ರಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಅದೇ, ಮಂಗನ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿ ಬಗ್ಗೆ ಯೋಚಿಸ್ಬೇಡಿ, ಯೋಚನೆ ಬಂದ್ರೆ ಗಂಟೆ ಬಾರಿಸಿ ಅಂದ್ರು. ಜನ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಗಂಟೆ ಬಾರಿಸಿದ್ರು. ಅದಕ್ಕಿಂತ ಮುಖ್ಯವಾದದ್ದು ಆಮೇಲಿಂದು. ಈಗ ಬೇಕಾದಷ್ಟು ಯೋಚಿಸಿ ಅಂದಾಗ, ಮೊದಲಿಂದ್ಲೂ ಯೋಚಿಸೋಕೆ ಬಿಟ್ಟಿದ್ದೋರಿಗಿಂತ, ತಡೆಹಿಡಿದಿದ್ದೋರ ತಲೇಲಿ ಕರಡಿ ಇನ್ನೂ ಹೆಚ್ಚು ಓಡಾಡ್ತು. ಕಾರಣ ಹೀಗೆ: ಒಂದು ಯೋಚನೆ ತಡೀಬೇಕಂದ್ರೆ ತಲೆಯ ಒಂದು ಭಾಗ "ಅದು ಬಂತಾ, ಬಂತಾ" ಅಂತ ಕಾವಲು ಕಾಯ್ತಾ ಇರ್ಬೇಕು. ಕಾವಲು ಕಾಯೋಕೆ ಅದನ್ನೇ ನೆನಪಿಟ್ಕೊಂಡಿರ್ಬೇಕು. ಸುಸ್ತಾದಾಗ, ಟೆನ್ಷನ್ ಇದ್ದಾಗ ತಡೆಯೋ ಭಾಗ ಸೋಲುತ್ತೆ, ಕಾವಲಿನ ಭಾಗ ಮಾತ್ರ ಎಚ್ಚರ ಇರುತ್ತೆ. ನಿಷಿದ್ಧ ಯೋಚನೆಗೆ ಇರೋ ಬಲದಲ್ಲಿ ಅರ್ಧದಷ್ಟು ನಾವೇ ಅದನ್ನ ಹೊರಗೆ ತಳ್ಳೋ ಬಲ ಅಂತ ನಂಗನ್ಸುತ್ತೆ.

ಇದರ ಮೇಲೆ ಇನ್ನೊಂದು ಸೇರ್ಕೊಂಡ್ರೆ ಕಷ್ಟ ಶುರು. 1996ರಲ್ಲಿ ರಾಖ್‌ಮನ್ ಮತ್ತೆ ಅವರ ಸಹೋದ್ಯೋಗಿಗಳು ವಿವರಿಸಿದ್ದು ಅದನ್ನೇ, ಯೋಚನೆ ಮತ್ತೆ ಕೆಲಸ ಎರಡನ್ನೂ ಬೆಸೆದುಬಿಡೋದು. ಕೆಟ್ಟದ್ದು ಯೋಚಿಸಿದ್ರೆ ಮಾಡಿದಷ್ಟೇ ಪಾಪ, ಯೋಚಿಸಿದ್ರೆ ಅದು ನಡೆದೇಬಿಡುತ್ತೆ ಅನ್ನೋ ನಂಬಿಕೆ. ಇದು ಬಲವಾಗಿದ್ದೋರಿಗೆ ಎಲ್ಲರಿಗೂ ಬಂದು ಹೋಗೋ ಅದೇ ಯೋಚನೆ ಬಂದು ಕೂತ್ಕೊಂಡುಬಿಡುತ್ತೆ, ಅದನ್ನ ಕಳ್ಕೊಳ್ಳೋಕೆ ಪದೇಪದೇ ಚೆಕ್ ಮಾಡೋದು, ತೊಳೆಯೋದು, ಮನಸ್ಸಲ್ಲೇ ಕ್ಷಮೆ ಕೇಳೋದು ಶುರುವಾಗುತ್ತೆ. ಓಸಿಡಿ ಚಿಕಿತ್ಸೆಯಲ್ಲಿ ಥೆರಪಿಸ್ಟ್ ಜೊತೆಗಿದ್ದು ಆ ಯೋಚನೆ ಬರೋಕೆ ಬಿಡೋದನ್ನ, ಬಂದ್ಮೇಲೆ ಆ ಚೆಕ್ ಮಾಡೋ ಕೆಲಸಗಳನ್ನ ಮಾಡ್ದೇ ಇರೋದನ್ನ ಹಂತಹಂತವಾಗಿ ಅಭ್ಯಾಸ ಮಾಡಿಸ್ತಾರೆ, ಬಹಳಷ್ಟು ಜನಕ್ಕೆ ಇದು ಕೆಲಸ ಮಾಡುತ್ತೆ. ನಿಮಗೆ ಬರೋ ಯೋಚನೆ ನಿಮಗೇ ಅಸಹ್ಯ ಅನಿಸ್ತಿದ್ರೆ, ಅದರಿಂದ ದಿನದ ಕೆಲಸ ಹಾಳಾಗ್ತಿದ್ರೆ, ಸೈಕಿಯಾಟ್ರಿಸ್ಟ್ ಅಥವಾ ಸೈಕಾಲಜಿಸ್ಟ್ ಹತ್ರ ಬಾಯಿಬಿಟ್ಟು ಹೇಳಿ, ಅವರು ಇದನ್ನ ಸಾವಿರ ಸಲ ಕೇಳಿರ್ತಾರೆ. ಆದ್ರೆ ಸಾಯ್ಬೇಕು ಅನ್ನೋದು ಆಸೆಯಾಗೇ ಬರ್ತಿದ್ರೆ, ಯೋಜನೆ ರೂಪ ತಗೊಳ್ತಿದ್ರೆ, ಅದು ಬೇರೆ ವಿಷಯ, ಅವತ್ತೇ ಯಾರಿಗಾದ್ರೂ ಹೇಳ್ಬೇಕು.

## ಅಪಾಯ ಇಲ್ಲದ ಅಪಾಯ

ಹಾರರ್ ಸಿನಿಮಾ, ಕ್ರೈಮ್ ಕಥೆ, ಕಪ್ಪು ಹಾಸ್ಯ ಇವುಗಳ ಸೆಳೆತ ಇನ್ನೊಂದು ಥರ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಹೇಳೋದು, ದೇಹ ಅಪಾಯ ಅಂತ ಕೂಗ್ತಾ ಇರುತ್ತೆ, ತಲೆಗೆ ಮಾತ್ರ ಅಪಾಯ ಇಲ್ಲ ಅಂತ ಗೊತ್ತಿರುತ್ತೆ, ಈ ಎರಡರ ನಡುವಿನ ಅಂತರದಲ್ಲೇ ಮಜಾ ಇದೆ. ಹಾಸ್ಯಕ್ಕೂ ಹೆಚ್ಚುಕಮ್ಮಿ ಇದೇ ವಿವರಣೆ ಇದೆ, ಏನೋ ಒಂದು ಕಟ್ಟುಪಾಡು ಮುರಿದ ಹಾಗೆ ಅನ್ನಿಸ್ಬೇಕು, ಜೊತೆಗೇ ಯಾರಿಗೂ ಏನೂ ಆಗಿಲ್ಲ ಅಂತಾನೂ ಅನ್ನಿಸ್ಬೇಕು. ಎರಡನೇದು ಇಲ್ದಿದ್ರೆ ಅದೇ ಜೋಕ್ ಅವಮಾನ ಆಗುತ್ತೆ. ಇದರಲ್ಲಿ ಭಯ ಎದುರಿಸೋ ತಾಲೀಮಿನ ಅಂಶನೂ ಇರಬಹುದು, ಕೊರೊನಾ ಸಮಯದಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಹಾರರ್ ಸಿನಿಮಾ ಪ್ರಿಯರು ಉಳಿದೋರಿಗಿಂತ ಕಡಿಮೆ ಮಾನಸಿಕ ಒತ್ತಡ ಇದೆ ಅಂತ ಹೇಳ್ಕೊಂಡಿದ್ರು.

## ಗುಟ್ಟು ಹಂಚ್ಕೊಂಡ ನಂಟು

ನಿಷಿದ್ಧ ವಿಚಾರ ಒಬ್ಬರೇ ಕೂತು ಯೋಚಿಸೋವಾಗ ಒಂದು ರುಚಿ, ಇನ್ನೊಬ್ಬರ ಜೊತೆ ಮಾತಾಡುವಾಗ ಬೇರೇನೇ ರುಚಿ. ಹೊರಗೆ ಹೇಳಿದ್ರೆ ಮರ್ಯಾದೆ ಹೋಗೋ ಮಾತನ್ನ ನಾನು ನಿಮ್ಮ ಹತ್ರ ಹೇಳ್ತಿದೀನಿ ಅಂದ್ರೆ ನಿಮ್ಮನ್ನ ಅಷ್ಟು ನಂಬಿದೀನಿ ಅಂತ ಅರ್ಥ. ಹಾಗಾಗಿ ಇಂಥ ಮಾತು ಸ್ನೇಹನ ಬೇಗ ಗಟ್ಟಿ ಮಾಡುತ್ತೆ. ಮೂರನೆಯವರ ಬಗ್ಗೆ ಇಬ್ಬರಿಗೂ ಒಂದೇ ಥರ ಅಸಮಾಧಾನ ಇದೆ ಅಂತ ಗೊತ್ತಾದ್ರೆ ಅಪರಿಚಿತರು ಹತ್ತಿರ ಆಗ್ತಾರೆ ಅಂತ 2006ರ ಒಂದು ಸಂಶೋಧನೆ ತೋರಿಸಿದೆ. ಜೊತೆಗೆ, ಎಲ್ಲರೂ ನಂಬಿರೋದನ್ನ ನಾನು ನಂಬಲ್ಲ ಅನ್ನೋದ್ರಲ್ಲಿ ನಾನು ಬೇರೆ ಅನ್ನೋ ಹೆಮ್ಮೆ ಇರುತ್ತೆ. ಗುಂಪಲ್ಲೂ ಇರ್ಬೇಕು, ವಿಶಿಷ್ಟವಾಗೂ ಇರ್ಬೇಕು ಅನ್ನೋ ಎರಡೂ ಆಸೆಯನ್ನ "ನಮಗೆ ಮಾತ್ರ ಗೊತ್ತು" ಅನ್ನೋ ಸಣ್ಣ ಗುಂಪು ಒಟ್ಟಿಗೇ ಪೂರೈಸುತ್ತೆ. ಅಂಥ ಗುಂಪು ಬಿಟ್ಟು ಬರೋದು ಕಷ್ಟ ಆಗೋದು ವಿಚಾರದ ಬಲದಿಂದಲ್ಲ, ಸಿಕ್ಕ ಗೆಳೆತನದಿಂದ.

ಇದರ ಇನ್ನೊಂದು ಮುಖ ಒಳ್ಳೇದು. ಎಷ್ಟೋ ಸಲ ಒಂದು ಅಭಿಪ್ರಾಯ ನಿಷಿದ್ಧ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಒಳಗೊಳಗೆ ಬಹುಪಾಲು ಜನ ಅದನ್ನೇ ಒಪ್ಪಿರ್ತಾರೆ, ನಾನೊಬ್ಬನೇ ಹೀಗೆ ಅಂದ್ಕೊಂಡು ಎಲ್ಲರೂ ಸುಮ್ನಿರ್ತಾರೆ. ಬಾಯಿಬಿಟ್ಟರೆ ಬಣ್ಣಗೇಡು ಅಂತ. ಸೌದಿ ಅರೇಬಿಯಾದಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸ್ಪಷ್ಟ ಉದಾಹರಣೆ. ಹೆಂಗಸರು ಮನೆ ಹೊರಗೆ ಕೆಲಸ ಮಾಡೋದನ್ನ ಯುವ ವಿವಾಹಿತ ಗಂಡಸರಲ್ಲಿ ಹೆಚ್ಚಿನವರು ಖಾಸಗಿಯಾಗಿ ಒಪ್ತಿದ್ರು, ಆದ್ರೆ ಅಕ್ಕಪಕ್ಕದ ಗಂಡಸರು ಅಷ್ಟು ಒಪ್ಪಲ್ಲ ಅಂತ ಅಂದಾಜು ಮಾಡಿದ್ರು. ನಿಜವಾದ ಸಂಖ್ಯೆ ಹೇಳಿದ ತಕ್ಷಣ ಹೆಂಡತಿ ಹೆಸರನ್ನ ಉದ್ಯೋಗ ಹುಡುಕೋ ಸೇವೆಗೆ ನೋಂದಾಯಿಸೋಕೆ ಒಪ್ಪಿದವರ ಪ್ರಮಾಣ ಏರ್ತು. ಸಾಲಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸೋ ಪ್ರಯೋಗದಲ್ಲಿ ಕಂಡಿದ್ದೂ ಇದರ ಸಂಬಂಧಿ: ಸುತ್ತ ಇರೋ ಎಲ್ಲರೂ ತಪ್ಪು ಉತ್ತರ ಹೇಳಿದಾಗ ಸುಮಾರು ಮೂರರಲ್ಲಿ ಒಂದು ಸಲ ಜನ ಕಣ್ಣಾರೆ ಕಂಡಿದ್ದನ್ನೇ ಬಿಟ್ಟು ಗುಂಪಿನ ಜೊತೆ ಹೋದ್ರು, ಸರಿ ಉತ್ತರ ಹೇಳೋ ಒಬ್ಬನೇ ಒಬ್ಬ ಜೊತೆಗಾರ ಇದ್ದಾಗ ಅದು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳೀತು. ನಿಷಿದ್ಧ ಮಾತು ಮೊದಲು ಆಡಿದವರನ್ನ ಕಂಡ್ರೆ ಜನಕ್ಕೆ ಅಷ್ಟು ಹಗುರ ಅನ್ಸೋದು ಇದಕ್ಕೇ, ಆ ಹಗುರ ಸರಿಯಾದ ಮಾತಿಗೂ ಸಿಗುತ್ತೆ, ತಪ್ಪು ಮಾತಿಗೂ ಸಿಗುತ್ತೆ.

## ಯೋಚಿಸೋದೇ ತಪ್ಪು ಅಂತ ಸಮಾಜ ಯಾಕೆ ಹೇಳುತ್ತೆ

ಯೋಚಿಸಿದ್ರೆ ಯಾರಿಗೆ ನಷ್ಟ ಅಂತ ಕೇಳ್ಬಹುದು. ಫಿಲಿಪ್ ಟೆಟ್ಲಾಕ್ ಮತ್ತೆ ಅವರ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರದ ದಾರಿ ತೋರಿಸುತ್ತೆ. ಒಬ್ಬ ಆಸ್ಪತ್ರೆ ಆಡಳಿತಗಾರ ಇದಾನೆ ಅಂತ ಕಥೆ. ಐದು ವರ್ಷದ ಹುಡುಗನ ಜೀವ ಉಳಿಸೋ ಆಪರೇಷನ್‌ಗೆ ಹತ್ತು ಲಕ್ಷ ಡಾಲರ್ ಬೇಕು, ಅದೇ ದುಡ್ಡು ಆಸ್ಪತ್ರೆಯ ಬೇರೆ ಅಗತ್ಯಗಳಿಗೆ ಉಳಿಸಬಹುದು. ಕೊನೆಗೆ ಅವನು ಹುಡುಗನನ್ನೇ ಉಳಿಸ್ತಾನೆ. ಆದ್ರೆ ಒಂದು ಆವೃತ್ತೀಲಿ ತಕ್ಷಣ ನಿರ್ಧಾರ ಮಾಡ್ತಾನೆ, ಇನ್ನೊಂದರಲ್ಲಿ ತುಂಬ ಹೊತ್ತು ಯೋಚನೆ ಮಾಡಿ ಮಾಡ್ತಾನೆ. ಓದಿದ ಜನ ತುಂಬ ಯೋಚಿಸಿದವನನ್ನ ಕೆಟ್ಟದಾಗಿ ಕಂಡ್ರು, ನಿರ್ಧಾರ ಒಂದೇ ಆಗಿದ್ರೂ. ಅದರ ಬದಲು ಇಬ್ಬರು ಹುಡುಗರಲ್ಲಿ ಒಬ್ಬನನ್ನ ಮಾತ್ರ ಉಳಿಸ್ಬೇಕಾದ ಕಥೆ ಕೊಟ್ಟಾಗ ತುಂಬ ಹೊತ್ತು ಯೋಚಿಸಿದವನೇ ಒಳ್ಳೆಯವನು ಅನ್ನಿಸ್ದ.

ಅಂದ್ರೆ ಜನ ಬರೀ ಉತ್ತರ ನೋಡಲ್ಲ, ಆ ಪ್ರಶ್ನೆ ನಿಮಗೆ ಪ್ರಶ್ನೆ ಅಂತ ಅನ್ನಿಸಿತಾ ಅಂತ ನೋಡ್ತಾರೆ. ಇದು ಬರೀ ಸಂಕುಚಿತತೆ ಅಲ್ಲ. ಗೆಳೆಯನ ಹತ್ರ "ನನಗೆ ಮೋಸ ಮಾಡೋಕೆ ಎಷ್ಟು ದುಡ್ಡು ಕೊಟ್ರೆ ಒಪ್ತೀಯ" ಅಂತ ಕೇಳಿದಾಗ ಅವನು ಕ್ಯಾಲ್ಕುಲೇಟರ್ ತೆಗೆದ್ರೆ ನಮಗೆ ನೋವಾಗುತ್ತೆ, ಆಗಬೇಕು ಕೂಡ. ನಂಬಿಕೆ ಅನ್ನೋದು ಕೆಲವು ಲೆಕ್ಕ ಹಾಕ್ದೇ ಇರೋದ್ರ ಮೇಲೇ ನಿಂತಿರುತ್ತೆ. ಹಾಗಿದ್ರೂ ಆಸ್ಪತ್ರೆ ಬಜೆಟ್ ಮಾಡೋರು ಯಾರಾದ್ರೂ ಕೂತು ಆ ಕಹಿ ಲೆಕ್ಕ ಹಾಕ್ಲೇಬೇಕು, ಯಾರೂ ಹಾಕ್ಲಿಲ್ಲ ಅಂದ್ರೆ ಬೇರೆ ಇನ್ನೊಂದು ಮಗುಗೆ ದುಡ್ಡಿಲ್ಲ ಅಂತಾಗುತ್ತೆ. ಇವೆರಡರ ನಡುವೆ ಸುಲಭದ ದಾರಿ ಇಲ್ಲ.

## ನಿಷಿದ್ಧ ಆಗಿದ್ದು ಸರಿಯೂ ಇರಬಹುದು, ಸುಟ್ಟ ಗಾಯವೂ ಇರಬಹುದು

"ಎಲ್ಲ ದೊಡ್ಡ ಸತ್ಯನೂ ಮೊದಲು ನಿಷಿದ್ಧವಾಗೇ ಇತ್ತು" ಅನ್ನೋ ವಾದ ಇಂಥ ಚರ್ಚೇಲಿ ಬಂದೇ ಬರುತ್ತೆ, ಗೆಲಿಲಿಯೋ ಹೆಸರು ಅದರ ಜೊತೆ ಬರುತ್ತೆ. ಉದಾಹರಣೆ ನಿಜಾನೇ. ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂದ ಕೋಪರ್ನಿಕಸ್ ಪುಸ್ತಕನ ಕ್ಯಾಥೊಲಿಕ್ ಚರ್ಚ್ 1616ರಲ್ಲಿ ತಿದ್ದೋವರೆಗೆ ತಡೆಹಿಡೀತು, 1633ರಲ್ಲಿ ಗೆಲಿಲಿಯೋಗೆ ಶಿಕ್ಷೆ ಆಯ್ತು, 1642ರಲ್ಲಿ ಸಾಯೋವರೆಗೂ ಗೃಹಬಂಧನದಲ್ಲೇ ಇದ್ರು, ಅವರ ಪುಸ್ತಕ ನಿಷೇಧದ ಪಟ್ಟಿಯಿಂದ ಹೊರಗೆ ಬಂದಿದ್ದು 1835ರಲ್ಲಿ. ಆದ್ರೆ ಗೆಲಿಲಿಯೋ ಗೆದ್ದಿದ್ದು ನಿಷೇಧಕ್ಕೆ ಒಳಗಾದ್ರು ಅಂತಲ್ಲ, ದೂರದರ್ಶಕದಲ್ಲಿ ಗುರು ಗ್ರಹದ ಚಂದ್ರರನ್ನ, ಶುಕ್ರ ಚಂದ್ರನ ಹಾಗೆ ಹೆಚ್ಚು ಕಡಿಮೆ ಆಗೋದನ್ನ ಕಂಡು ತೋರಿಸಿದ್ರು, ಬೇರೆಯವರೂ ನೋಡಿ ಖಚಿತ ಮಾಡ್ಕೊಂಡ್ರು ಅಂತ.

ಇನ್ನೊಂದು ಕಡೆ ನೋಡಿ. ಇವತ್ತು "ಬುದ್ಧಿ ಕಡಿಮೆ ಇರೋರಿಗೆ ಮಕ್ಕಳಾಗದ ಹಾಗೆ ಮಾಡ್ಬೇಕು" ಅಂತ ಯಾರಾದ್ರೂ ಹೇಳಿದ್ರೆ ಕೇಳಿದವರಿಗೆ ಮೈ ಉರಿಯುತ್ತೆ. ಹೇಳಿದವರು ಯಾರೂ ಆಡೋಕೆ ಧೈರ್ಯ ಮಾಡದ ಹೊಸ ಮಾತು ಆಡ್ದೆ ಅಂದ್ಕೊಂಡಿರಬಹುದು. ಅದು ಹೊಸದಲ್ಲ, ನೂರು ವರ್ಷದ ಹಿಂದೆ ಅದು ನಿಷಿದ್ಧವೂ ಆಗಿರ್ಲಿಲ್ಲ. ಯಾರಿಗೆ ಮಕ್ಕಳಾಗ್ಬೇಕು ಯಾರಿಗೆ ಬೇಡ ಅಂತ ಆರಿಸೋ ಈ ವಿಚಾರಕ್ಕೆ ಯೂಜೆನಿಕ್ಸ್ ಅನ್ನೋ ಹೆಸರು ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಕೊಟ್ಟಿದ್ದು, ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲೇ ಬಲವಂತದ ಸಂತಾನಹರಣ ಚಿಕಿತ್ಸೆಗೆ ಕಾನೂನು ಮಾಡ್ತು, 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟು-ಒಂದು ಬಹುಮತದಿಂದ ಇಂಥ ಕಾನೂನು ಸರಿ ಅಂತು. ಆ ದೇಶದಲ್ಲಿ 60 ಸಾವಿರಕ್ಕಿಂತ ಹೆಚ್ಚು ಜನಕ್ಕೆ ಆ ಆಪರೇಷನ್ ಮಾಡಿದ್ರು. ಹಿಟ್ಲರ್‌ನ ಜರ್ಮನಿ 1933ರಲ್ಲಿ ತಂದ ಕಾನೂನಿನಡಿ ಸುಮಾರು 4 ಲಕ್ಷ ಜನಕ್ಕೆ. ಆಮೇಲಿನದ್ದು ಎಲ್ಲರಿಗೂ ಗೊತ್ತು. ಈ ಮಾತು ಟ್ಯಾಬೂ ಆಗಿದ್ದು ಯಾರೂ ಪರೀಕ್ಷಿಸ್ಲಿಲ್ಲ ಅಂತಲ್ಲ, ಪರೀಕ್ಷಿಸಿ ಏನಾಯ್ತು ಅಂತ ನೋಡಿದ್ಮೇಲೆ. ತಲೆಮಾರು ಕಳೆದ ಹಾಗೆ ಕಾರಣ ಮರೆತುಹೋಗುತ್ತೆ, ನಿಷೇಧ ಮಾತ್ರ ಉಳಿಯುತ್ತೆ, ಕಾರಣ ಗೊತ್ತಿಲ್ಲದವರಿಗೆ ಅದು ಬರೀ ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತೆ. ಮಕ್ಕಳಿಗೆ "ಅದನ್ನ ಮಾತಾಡ್ಬಾರ್ದು" ಅಂತ ಮಾತ್ರ ಹೇಳಿ ಯಾಕೆ ಅಂತ ಹೇಳ್ದೇ ಇರೋದು ದೊಡ್ಡ ತಪ್ಪು ಅಂತ ನಾನು ಅನ್ನೋದು ಇದಕ್ಕೇ.

ಹಾಗಾಗಿ "ಇದು ನಿಷಿದ್ಧ" ಅನ್ನೋದ್ರಿಂದ ಅದು ಸುಳ್ಳು ಅಂತಾನೂ ಗೊತ್ತಾಗಲ್ಲ, ನಿಜ ಅಂತಾನೂ ಗೊತ್ತಾಗಲ್ಲ. ಮೇಲೆ ಹೇಳಿದ ರಿಯಾಕ್ಟೆನ್ಸ್, ಕುತೂಹಲ, ಗೆಳೆತನ, ಇವು ಯಾವುದಕ್ಕೂ ವಿಚಾರದ ಸತ್ಯಾಸತ್ಯತೆ ಬೇಕಾಗೇ ಇಲ್ಲ.

## ಟ್ರಯಲ್ ರೂಮಿನಿಂದ ಹೊರಗೆ ಬರೋದು

ಯೋಚಿಸಿ ನೋಡೋದು ಬೇರೆ ಒಪ್ಪೋದು ಬೇರೆ ಅಂದೆ. ಅದು ನಿಜ, ಆದ್ರೆ ಎರಡರ ನಡುವಿನ ಗೋಡೆ ನಾವು ಅಂದ್ಕೊಂಡಷ್ಟು ಗಟ್ಟಿ ಇಲ್ಲ. ಡ್ಯಾನಿಯಲ್ ಗಿಲ್ಬರ್ಟ್ 1990ರಲ್ಲಿ ಜನಕ್ಕೆ ಗೊತ್ತಿಲ್ಲದ ಭಾಷೆಯ ಪದಗಳು ಅಂತ ಹೇಳಿ "ಈ ಪದಕ್ಕೆ ನಕ್ಷತ್ರ ಅಂತ ಅರ್ಥ" ಅನ್ನೋ ಥರದ ವಾಕ್ಯಗಳನ್ನ ತೋರಿಸಿದ್ರು, ಪ್ರತಿ ವಾಕ್ಯದ ಹಿಂದೆಯೇ ಸರಿ ಅಥವಾ ತಪ್ಪು ಅಂತಾನೂ ತೋರಿಸಿದ್ರು. ಕೆಲವು ಸಲ ಮಧ್ಯದಲ್ಲಿ ಒಂದು ಶಬ್ದ ಬರೋದು, ಆಗ ಅವರು ಬಟನ್ ಒತ್ತಬೇಕು. ಹೀಗೆ ಗಮನ ಬೇರೆ ಕಡೆ ಹೋದಾಗ ಜನ ತಪ್ಪು ವಾಕ್ಯಗಳನ್ನ ಸರಿ ಅಂತ ನೆನಪಿಟ್ಕೊಂಡ್ರು, ಸರಿ ವಾಕ್ಯಗಳನ್ನ ತಪ್ಪು ಅಂತ ನೆನಪಿಟ್ಕೊಂಡಿದ್ದು ಹೆಚ್ಚಾಗ್ಲಿಲ್ಲ. ಗಿಲ್ಬರ್ಟ್ ಪ್ರಕಾರ ತಲೆ ಮೊದ್ಲು ಕೇಳಿದ್ದನ್ನ ಒಪ್ಪಿ ಆಮೇಲೆ ತಳ್ಳಿಹಾಕುತ್ತೆ, ತಳ್ಳಿಹಾಕೋಕೆ ಶ್ರಮ ಬೇಕು. ಯಾವಾಗ್ಲೂ ಹೀಗೇನಾ ಅನ್ನೋದ್ರ ಬಗ್ಗೆ ಆಮೇಲಿನ ಸಂಶೋಧಕರಲ್ಲಿ ಭಿನ್ನಾಭಿಪ್ರಾಯ ಇದೆ. ಆದ್ರೆ ಪದೇಪದೇ ಕೇಳಿದ ವಾಕ್ಯ ಹೆಚ್ಚು ನಿಜ ಅನ್ಸುತ್ತೆ ಅನ್ನೋದು 1977ರಿಂದ ಮತ್ತೆ ಮತ್ತೆ ಸಾಬೀತಾಗಿದೆ.

ಈಗ ರಾತ್ರಿ ಹನ್ನೊಂದಕ್ಕೆ ಅರ್ಧ ನಿದ್ದೇಲಿ ರೀಲ್ಸ್ ನೋಡೋದನ್ನ ಇದರ ಪಕ್ಕ ಇಟ್ಟು ನೋಡಿ. ಸುಸ್ತು ಇದೆ, ಗಮನ ಇಲ್ಲ, ಒಂದು ವಿಡಿಯೋ ಪೂರ್ತಿ ನೋಡಿದ್ರೆ ಅದೇ ಥರದ್ದು ಇನ್ನೂ ನಾಲ್ಕು ಬರುತ್ತೆ. ಒಂದು ವಿಚಾರನ ಯೋಚಿಸಿ ನೋಡೋಕೆ ಇದಕ್ಕಿಂತ ಕೆಟ್ಟ ಸಮಯ ಇಲ್ಲ, ಯಾಕಂದ್ರೆ ಹಾಕ್ಕೊಂಡು ನೋಡೋ ಭಾಗ ಮಾತ್ರ ನಡೆಯುತ್ತೆ, ಬಿಚ್ಚಿಡೋ ಭಾಗ ನಡೆಯಲ್ಲ.

ಹಾಗಂತ ನೋಡ್ಲೇಬೇಡಿ ಅಂದ್ರೆ ಮತ್ತೆ ಬಿಳಿ ಕರಡಿಗೇ ಬರ್ತೀವಿ. ನಿಷಿದ್ಧ ಅನ್ಸೋ ವಿಚಾರ ಕಾಡ್ತಾ ಇದ್ರೆ ಎಚ್ಚರ ಇರೋ ಹೊತ್ತಲ್ಲಿ ಕೂತು ಅದನ್ನ ಒಂದು ಸಾಲಲ್ಲಿ ಬರೆದು ನೋಡಿ, "ಅವರು ಹೇಳ್ತಾರೆ" ಅಂತಲ್ಲ, ಸ್ಪಷ್ಟವಾಗಿ ಏನು ಹೇಳ್ತಿದೆ ಅಂತ. ತುಂಬ ಸಲ ಬರೆಯೋಕೆ ಹೋದ್ರೆ ಅದರಲ್ಲಿ ಸಿಟ್ಟು ಬಿಟ್ರೆ ಹೇಳಿಕೆನೇ ಇರಲ್ಲ. ಹೇಳಿಕೆ ಇದ್ರೆ, ಏನು ಕಂಡ್ರೆ ಇದು ಸುಳ್ಳು ಅಂತ ಒಪ್ತೀನಿ ಅಂತ ಕೆಳಗೆ ಬರೀರಿ. ಇದನ್ನೇ ಹಿಂದೆ ಯಾರಾದ್ರೂ ಮಾಡಿ ನೋಡಿದಾರಾ, ಮಾಡಿದ್ರೆ ಯಾರಿಗೆ ಏನಾಯ್ತು ಅಂತ ಹುಡುಕಿ, ಯೂಜೆನಿಕ್ಸ್ ವಿಷಯದಲ್ಲಿ ಆ ಒಂದು ಹುಡುಕಾಟನೇ ಸಾಕಾಗುತ್ತೆ. ಆಮೇಲೆ ನಿಮ್ಮನ್ನ ಒಪ್ಪದೇ ಇರೋ, ಆದ್ರೆ ನಿಮ್ಮ ಮೇಲೆ ಪ್ರೀತಿ ಇರೋ ಒಬ್ಬರ ಹತ್ರ ಅದನ್ನ ಜೋರಾಗಿ ಹೇಳಿ ನೋಡಿ. ಆ ವಿಚಾರ ಯಾರ ಬಗ್ಗೆ ಇದೆಯೋ ಅವರೇ ಎದುರಿಗೆ ಕೂತಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಅವರಿಗೆ ನಮಗೆ ಗೊತ್ತಿಲ್ಲದ ಹತ್ತು ವಿವರ ಗೊತ್ತಿರುತ್ತೆ.